ಯೋಗದ ಚಾಪೆಯೂ ಕಾಫಿಯ ಲೋಟವೂ



ಬೆಳಗಿನ ಯೋಗಾಭ್ಯಾಸದ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ, ನೆನಪಿದೆಯಲ್ಲವೇ? ಆಮೇಲೆ ಬಂದ ಕಾಗದಗಳಲ್ಲಿ ಆಸನದ ವಿಚಾರ ಕೇಳಿದವರು ಕಡಿಮೆ, ಕಾಫಿಯ ವಿಚಾರ ಕೇಳಿದವರೇ ಹೆಚ್ಚು! "ಯೋಗ ಮಾಡುವವರು ಕಾಫಿ ಕುಡೀಬಹುದೇ?" "ಕುಡಿದು ಮಾಡಬೇಕೋ, ಮಾಡಿ ಕುಡಿಯಬೇಕೋ?" ಅಂತ.

ಹಾಸನದ ಕಡೆಯ ಒಬ್ಬ ಗೃಹಿಣಿ ಹೀಗೆ ಬರೆದಿದ್ದಾರೆ. ಎರಡು ತಿಂಗಳು ಯೋಗದ ತರಗತಿಗೆ ಹೋಗಿ ಅವರ ಸೊಂಟನೋವು ಎಷ್ಟೋ ಇಳಿದಿತ್ತಂತೆ. ಅಷ್ಟರಲ್ಲಿ ಅಲ್ಲಿ ಹೇಳಿಕೊಡುವವರು, "ಕಾಫಿ ಬಿಡದಿದ್ದರೆ ಯೋಗ ಮಾಡಿ ಏನೂ ಪ್ರಯೋಜನವಿಲ್ಲ" ಎಂದುಬಿಟ್ಟರಂತೆ. ಕಾಫಿ ಬಿಡಲು ಆಗಲಿಲ್ಲ, ಹಾಗಾಗಿ ಆಕೆ ಯೋಗವನ್ನೇ ಬಿಟ್ಟರು. ಈಗ ಸೊಂಟನೋವು ಮತ್ತೆ ಬಂದು ಕೂತಿದೆ. "ನಾನು ಮಾಡಿದ್ದು ಸರಿಯೇ ಅಕ್ಕಾ?" ಅಂತ ಕೇಳಿದ್ದಾರೆ.

ಓದಿ ನನಗೆ ಬೇಸರವಾಯಿತು. ಒಂದು ಲೋಟ ಕಾಫಿಯ ನೆಪದಲ್ಲಿ, ಮೈಗೆ ಹಿತವಾಗಿದ್ದ ಅಭ್ಯಾಸವನ್ನು ಒಬ್ಬ ಹೆಣ್ಣುಮಗಳು ಕೈಬಿಡಬೇಕೇ? ಖಂಡಿತ ಬೇಡ. ಯಾಕೆ ಅಂತ ಹೇಳ್ತೀನಿ, ಸಾವಧಾನವಾಗಿ ಓದಿ.

ಮೊದಲು ಶಾಸ್ತ್ರದ ಮಾತು. ಸ್ವಾತ್ಮಾರಾಮರು ಬರೆದ 'ಹಠಯೋಗ ಪ್ರದೀಪಿಕಾ' ಸುಮಾರು 15ನೇ ಶತಮಾನದ್ದು. ಯೆಮನ್ ದೇಶದಿಂದ ಬಾಬಾ ಬುಡನ್ ಅವರು ಏಳು ಕಾಫಿ ಬೀಜ ತಂದು ನಮ್ಮ ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಅನ್ನೋ ಪ್ರತೀತಿ 17ನೇ ಶತಮಾನದ್ದು. ಅಂದಮೇಲೆ ಆ ಗ್ರಂಥದಲ್ಲಿ ಕಾಫಿಯ ಹೆಸರು ಎಲ್ಲಿಂದ ಬರಬೇಕು? ಅದರಲ್ಲಿ ಅಪಥ್ಯವೆಂದು ಹೇಳಿರುವ ಪಟ್ಟಿಯಲ್ಲಿ ಖಾರ, ಹುಳಿ, ಉಪ್ಪು ಮಾತ್ರವಲ್ಲ, ಸಾಸಿವೆ, ಇಂಗು, ಬೆಳ್ಳುಳ್ಳಿ, ಮೊಸರು, ಮಜ್ಜಿಗೆ, ಹುರುಳಿ ಕೂಡ ಇವೆ! ಅದನ್ನು ಅಕ್ಷರಶಃ ಪಾಲಿಸಿದರೆ ನಮ್ಮ ಮನೆಗಳಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಮಜ್ಜಿಗೆ ಅನ್ನ ಉಣ್ಣುವ ಹಾಗಿಲ್ಲ, ಹುರುಳಿಸಾರಂತೂ ದೂರವೇ. ಅದು ಏಕಾಂತದಲ್ಲಿ ಕುಟೀರ ಕಟ್ಟಿಕೊಂಡು ಸಾಧನೆ ಮಾಡುವವರಿಗೆ ಹೇಳಿದ ಮಾತು. ಸಂಸಾರಸ್ಥರಿಗೂ ಒಪ್ಪುವ ಮಾತು ಅದರಲ್ಲೇ ಇದೆ, ಅದು ಮಿತಾಹಾರ. ಹೊಟ್ಟೆಯ ಕಾಲು ಭಾಗ ಖಾಲಿ ಬಿಟ್ಟು ಉಣ್ಣಬೇಕು ಅಂತ. ಕಾಫಿಗೂ ಇದೇ ಮಿತಿಯ ಸೂತ್ರ ಸಾಕು.

ನಮ್ಮ ಮೈಸೂರನ್ನೇ ನೋಡಿ. ಪಟ್ಟಾಭಿ ಜೋಯಿಸ್ ಅವರ (1915–2009) ಅಷ್ಟಾಂಗ ಯೋಗ ಕಲಿಯಲು ದೇಶವಿದೇಶಗಳಿಂದ ಗೋಕುಲಂ ಬಡಾವಣೆಗೆ ಬಂದವರಿಗೆ ಲೆಕ್ಕವಿಲ್ಲ. ಬೆಳಗಿನ ಜಾವ ಎದ್ದು ಬೆವರು ಸುರಿಸುವ ಕಠಿಣ ಅಭ್ಯಾಸ ಅವರದು. ಆದರೂ "ಕಾಫಿಯಿಲ್ಲದೆ ಪ್ರಾಣವಿಲ್ಲ" ಅನ್ನೋದು ಅವರಲ್ಲಿ ಮನೆಮಾತು. ಅಂಗಿಯ ಮೇಲೂ ಅಚ್ಚು ಹಾಕಿಸಿಕೊಂಡಿದ್ದಾರೆ! ತಮಾಷೆಯ ಮಾತೇ ಇರಬಹುದು, ಆದರೆ ಕಾಫಿ ಕುಡಿದವರಿಗೆ ಯೋಗ ಒಲಿಯುವುದಿಲ್ಲ ಅನ್ನುವವರಿಗೆ ಅದೊಂದು ಉತ್ತರ.

ಹಾಗಾದರೆ ಯಾವಾಗ ಬೇಕಾದರೂ, ಎಷ್ಟು ಬೇಕಾದರೂ ಕುಡಿಯಬಹುದೇ? ಅದೂ ಇಲ್ಲ. ಕಾಫಿಯಲ್ಲಿ ಕೆಫೀನ್ ಅನ್ನೋ ಅಂಶ ಇದೆ. ಕುಡಿದ ಮುಕ್ಕಾಲು ಗಂಟೆಯೊಳಗೆ ಅದು ರಕ್ತಕ್ಕೆ ಸೇರುತ್ತದೆ. ನಿದ್ದೆ ಓಡಿಸುತ್ತದೆ, ರಕ್ತದೊತ್ತಡವನ್ನು ಸ್ವಲ್ಪ ಹೊತ್ತು ಏರಿಸುತ್ತದೆ, ಕೆಲವರಿಗೆ ಎದೆ ಡವಡವ ಅನ್ನುತ್ತದೆ. ಪ್ರಾಣಾಯಾಮದಲ್ಲಿ ನಾವು ಉಸಿರನ್ನು ನಿಧಾನ ಮಾಡಲು ಕೂತಿರುತ್ತೇವೆ, ಒಳಗಿನ ಕಾಫಿ "ಏಳು, ಓಡು" ಅನ್ನುತ್ತಿರುತ್ತದೆ. ಎರಡೂ ಹೇಗೆ ಹೊಂದೀತು? ಜೊತೆಗೆ ಹಾಲಿನ ಕಾಫಿ ಹೊಟ್ಟೆಯಲ್ಲಿ ಕುಲುಕಾಡುವಾಗ ಪಶ್ಚಿಮೋತ್ತಾನಾಸನ, ಸರ್ವಾಂಗಾಸನ ಮಾಡಿದರೆ ಹುಳಿತೇಗು, ಎದೆಯುರಿ ಬರುವುದುಂಟು. ಆದ್ದರಿಂದ ಯೋಗ ಮೊದಲು, ಕಾಫಿ ಆಮೇಲೆ. ವಿವರವಾಗಿ ಹೇಳುತ್ತೇನೆ, ಬೇಕಾದರೆ ಗುರುತು ಹಾಕಿಕೊಳ್ಳಿ.

1. ಎದ್ದ ಕೂಡಲೇ ಒಂದು ಲೋಟ ಬಿಸಿನೀರು. "ಕಾಫಿ ಕುಡಿಯದೆ ಹೊಟ್ಟೆ ಕ್ಲೀನಾಗೋಲ್ಲ" ಅನ್ನುವವರು ಬಹಳ ಮಂದಿ. ಅದು ಸುಳ್ಳೂ ಅಲ್ಲ, ಕಾಫಿಗೆ ಕರುಳನ್ನು ಚುರುಕು ಮಾಡುವ ಗುಣವಿದೆ. ಬಿಸಿನೀರಿನ ಅಭ್ಯಾಸವನ್ನು ಎರಡು ವಾರ ಮಾಡಿ ನೋಡಿ. ಆಗಲೂ ಆಗದಿದ್ದರೆ ಕಾಲು ಲೋಟ ಕಾಫಿ ಕುಡಿದು, ಮುಕ್ಕಾಲು ಗಂಟೆ ಬಿಟ್ಟು ಚಾಪೆ ಹಾಸಿ.

2. ಅಭ್ಯಾಸ ಮುಗಿಸಿ, ಶವಾಸನ ಮಾಡಿ, ಒಂದು ಕಾಲು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ನಿಂತುಕೊಂಡು ಒಲೆಯ ಮುಂದೆ ಗಟಗಟ ಕುಡಿಯಬೇಡಿ. ಕೂತು ಕುಡಿಯಿರಿ.

3. ತಿಂಡಿ, ಊಟದ ಜೊತೆ ಕಾಫಿ ಬೇಡ. ನಾವು ಹೆಂಗಸರಿಗೆ ಇದು ಬಹಳ ಮುಖ್ಯ. ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಕಾಫಿ-ಟೀ ತಡೆಯುತ್ತವೆ. ರಕ್ತಹೀನತೆ ನಮ್ಮಲ್ಲಿ ಮೊದಲೇ ಹೆಚ್ಚು. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ-ಟೀ ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರತಂದ ಆಹಾರ ಸೂಚನೆಗಳಲ್ಲೂ ಹೇಳಿದೆ. ಆರೂವರೆಗೆ ಕಾಫಿ, ಎಂಟಕ್ಕೆ ತಿಂಡಿ ಆದರೆ ಲೆಕ್ಕ ಸರಿಹೋಗುತ್ತದೆ.

4. ದಿನಕ್ಕೆ ಎಷ್ಟು? ಅದೇ ಸೂಚನೆಗಳ ಪ್ರಕಾರ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬಾರದು. 150 ಮಿಲಿಲೀಟರ್ ಲೋಟದಲ್ಲಿ, ಪುಡಿಯಿಂದ ಇಳಿಸಿದ ಕಾಫಿಯಾದರೆ 80ರಿಂದ 120, ದಿಢೀರ್ ಕಾಫಿಯಾದರೆ 50ರಿಂದ 65, ಟೀ ಆದರೆ 30ರಿಂದ 65 ಮಿಲಿಗ್ರಾಂ ಇರುತ್ತದೆ. ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿದರೆ ಕ್ಷೇಮ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಚಿಕೋರಿ ಬೆರೆತ ಪುಡಿಯಲ್ಲಿ ಅದು ಕಡಿಮೆ. ಗರ್ಭಿಣಿಯರು, ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

5. ಥೈರಾಯ್ಡ್ ಮಾತ್ರೆ ನುಂಗುವವರು ಗಮನಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗುವ ಆ ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಔಷಧಿ ಪೂರ್ತಿ ಹತ್ತುವುದಿಲ್ಲ. ಅರ್ಧದಿಂದ ಒಂದು ಗಂಟೆ ಬಿಡಬೇಕು. ಆ ಒಂದು ಗಂಟೆಯೇ ನಿಮ್ಮ ಯೋಗದ ಹೊತ್ತು! ಮಾತ್ರೆ ನುಂಗಿ ಚಾಪೆ ಹಾಸಿದರಾಯಿತು. ಕಬ್ಬಿಣದ ಮಾತ್ರೆಯನ್ನೂ ಕಾಫಿಯ ಹತ್ತಿರ ತರಬೇಡಿ.

6. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧ ಕರಗುವುದಕ್ಕೇ ಸುಮಾರು ಐದು ಗಂಟೆ ಬೇಕು. ರಾತ್ರಿ ನಿದ್ದೆ ಕೆಟ್ಟರೆ ಬೆಳಿಗ್ಗೆ ಐದಕ್ಕೆ ಏಳುವವರು ಯಾರು?

ಕಾಫಿಯನ್ನು ಪೂರ್ತಿ ಬಿಡಬೇಕೆನ್ನುವವರು ಒಂದೇ ದಿನ ಬಿಡಬೇಡಿ. ತಲೆನೋವು, ಸಿಡುಕು ಒಂದು ವಾರದವರೆಗೂ ಕಾಡಬಹುದು, ಮನೆಮಂದಿಗೂ ಕಷ್ಟ! ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಡಿಕಾಕ್ಷನ್ ಇಳಿಸುತ್ತಾ ಬನ್ನಿ.

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯಿತು. ನನ್ನ ಅನುಭವದಲ್ಲಿ ಹೆಂಗಸರ ಯೋಗಕ್ಕೆ ಅಡ್ಡಿಯಾಗಿರುವುದು ನಾವು ಕುಡಿಯುವ ಕಾಫಿಗಿಂತ ನಾವು ಮಾಡಿಕೊಡುವ ಕಾಫಿ. ಐದೂವರೆಗೆ ಮಾವನವರಿಗೆ, ಆರಕ್ಕೆ ಅತ್ತೆಯವರಿಗೆ, ವಾಕಿಂಗ್ ಮುಗಿಸಿ ಬಂದ ಯಜಮಾನರಿಗೆ, ಏಳಕ್ಕೆ ಮಕ್ಕಳಿಗೆ. ಒಬ್ಬೊಬ್ಬರಿಗೂ ಬಿಸಿಬಿಸಿಯೇ ಆಗಬೇಕು. ಇದರ ಮಧ್ಯೆ ನಾಲ್ಕು ಸಲ ಚಾಪೆ ಬಿಟ್ಟು ಎದ್ದವಳಿಗೆ ಯಾವ ಆಸನ ಸಿದ್ಧಿಸೀತು? ಶವಾಸನದಲ್ಲೂ ಹಾಲು ಉಕ್ಕಿತೇನೋ ಅನ್ನೋ ಯೋಚನೆ. ಆಮೇಲೆ "ನಿನಗೆ ಏಕಾಗ್ರತೆ ಇಲ್ಲ" ಅಂತ ನಮ್ಮನ್ನೇ ಅನ್ನುತ್ತಾರೆ!

ಇದಕ್ಕೆ ಉಪಾಯ ಹಿಂದಿನ ರಾತ್ರಿಯೇ ಫಿಲ್ಟರಿಗೆ ಹಾಕಿಡುವುದು. ಮೂರು ದೊಡ್ಡ ಚಮಚ ಕಾಫಿಪುಡಿಯನ್ನು ಫಿಲ್ಟರಿನ ಮೇಲಿನ ಪಾತ್ರೆಗೆ ಹಾಕಿ, ಹಿಡಿಯಿರುವ ಬಿಲ್ಲೆಯಿಂದ ಹಗುರವಾಗಿ ಒತ್ತಿ. ಗಟ್ಟಿಯಾಗಿ ಒತ್ತಿದರೆ ನೀರು ಇಳಿಯುವುದಿಲ್ಲ. ಕುದಿಯುವ ನೀರು ಒಂದು ಲೋಟದಷ್ಟು, ಸುತ್ತಲೂ ಬೀಳುವಂತೆ ಸುರಿದು ಮುಚ್ಚಿಡಿ. ಬೆಳಗಾಗುವಷ್ಟರಲ್ಲಿ ನಾಲ್ಕು ಲೋಟಕ್ಕಾಗುವ ಗಟ್ಟಿ ಡಿಕಾಕ್ಷನ್ ಇಳಿದಿರುತ್ತದೆ. ಅದನ್ನು ಕುದಿಸಬಾರದು, ಕಹಿಯಾಗುತ್ತದೆ. ಬಿಸಿ ಹಾಲನ್ನೇ ಅದಕ್ಕೆ ಬೆರೆಸಿಕೊಳ್ಳಬೇಕು.

ಮನೆಯಲ್ಲಿ ತೀರಾ ವಯಸ್ಸಾದವರಿದ್ದರೆ ಅವರಿಗೆ ಮೊದಲು ಕೊಟ್ಟು ಚಾಪೆ ಹಾಸಿ, ಅದರಲ್ಲಿ ತಪ್ಪೇನಿಲ್ಲ. ಉಳಿದವರ ಕೈಕಾಲು ಗಟ್ಟಿಯಾಗಿಯೇ ಇವೆಯಲ್ಲ? ಹಾಲು ಕಾಯಿಸಿಕೊಳ್ಳಲಿ. ಜಗಳವಾಡಿ ಹೇಳಬೇಡಿ, ನಗುನಗುತ್ತಾ ಹೇಳಿ, ಆದರೆ ಹೇಳಿದ ಮೇಲೆ ಏಳಬೇಡಿ. ನಮ್ಮ ಮನೆಯಲ್ಲಿ ಮೊದಲ ವಾರ ಗೊಣಗಾಟ ಇದ್ದೇ ಇತ್ತು. ಈಗ ಯಜಮಾನರೇ ಹಾಲು ಕಾಯಿಸಿ, ನನ್ನ ಪಾಲಿನದನ್ನೂ ಬೆರೆಸಿ ಮುಚ್ಚಿಟ್ಟಿರುತ್ತಾರೆ. ಸಕ್ಕರೆ ಸ್ವಲ್ಪ ಜಾಸ್ತಿಯಾಗಿರುತ್ತೆ, ಇರಲಿ ಬಿಡಿ.

ಹಾಸನದ ಸೋದರಿಗೆ ನನ್ನ ಮಾತು ಇಷ್ಟೆ. ತಂಗೀ, ನಾಳೆಯಿಂದಲೇ ತರಗತಿಗೆ ಹೋಗಿ. ಕಾಫಿಯನ್ನು ಅಭ್ಯಾಸದ ನಂತರಕ್ಕೆ ಇಟ್ಟುಕೊಳ್ಳಿ. ನೋವು ಮರಳಿದೆಯೆಂದು ಹೇಳಿಕೊಡುವವರಿಗೆ ತಿಳಿಸಿ, ಹಗುರವಾದ ಆಸನಗಳಿಂದ ಶುರುಮಾಡಿ. ನೋವು ಕಾಲಿಗೂ ಇಳಿಯುತ್ತಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ. ಮೂರು ತಿಂಗಳಾದ ಮೇಲೆ ಸೊಂಟ ಹೇಗಿದೆ ಅಂತ ನನಗೊಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ.

ಮುಂದಿನ ಸಂಚಿಕೆಯಲ್ಲಿ, ಯೋಗದ ನಂತರ ಹಿತವಾಗುವ ಎಣ್ಣೆ ಕಡಿಮೆಯ ನಾಲ್ಕು ತಿಂಡಿಗಳು. ನಿಮಗೆ ಗೊತ್ತಿರುವುದಿದ್ದರೆ ನೀವೂ ಬರೆದು ಕಳಿಸಿ, ಆಗಬಹುದೇ?