ಸಾಸೇಜ್ ಬೇಕು, ಜಿಂಕೆ ಬೇಡ

ಭಾಗ 1/6: ವಿಷಯ ಏನು

ಇಟಲಿ ಸ್ಟೈಲ್ ಸಾಸೇಜ್ ಮನೆಯಲ್ಲೇ ಮಾಡೋ ರೀಲ್‌ಗಳು ನಿಮ್ಮ ಫೀಡ್‌ನಲ್ಲೂ ಬಂದಿರ್ತಾವೆ. ಅದರಲ್ಲಿ ಕೆಲವು "ವೆನಿಸನ್" ಅಂತ ಇರುತ್ತೆ. ವೆನಿಸನ್ ಅಂದ್ರೆ ಜಿಂಕೆ ಜಾತಿಯ ಮಾಂಸ. ಅದನ್ನ ನೋಡಿದ ಮೇಲೆ ನಮ್ಮ ಗ್ರೂಪ್‌ನಲ್ಲಿ ಒಂದು ಮೆಸೇಜ್ ಬಂತು: "ನಮ್ಮ ಕಡೆ ಕಡವೆ ಸಿಗುತ್ತಲ್ಲ, ನಾವೂ ಮಾಡೋಣ್ವಾ?" ಕೆಳಗೆ ಸಾಲಾಗಿ ನಗೋ ಇಮೋಜಿ. ಒಬ್ರು "ಬೇಕಾದ್ರೆ ಹೇಳಿ, ತರಿಸೋಣ" ಅಂತಲೂ ಹಾಕಿದ್ರು.

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಹುಡುಗ್ರು ಹುಡುಗೀರಿಗೆ ಇದು ತಮಾಷೆ ಅಲ್ಲ ಅಂತ ಗೊತ್ತು. "ತರಿಸೋಣ" ಅಂದ್ರೆ ನಿಜವಾಗ್ಲೂ ತರಿಸೋಕೆ ಆಗೋ ಊರುಗಳು ನಮ್ಮವು. ಅದಕ್ಕೇ ಇಷ್ಟುದ್ದ ಬರೀತಿದೀನಿ.

ನನ್ನ ಮಾತು ಇಷ್ಟೇ. ಸಾಸೇಜ್ ಮಾಡಿ, ತಿನ್ನಿ, ಫೋಟೋನೂ ಹಾಕಿ. ಜಿಂಕೆ, ಕಡವೆ, ಕಾಡುಕುರಿ ಯಾವುದೂ ಬೇಡ. ಆ ಸಾಸೇಜ್‌ನ ರುಚಿಗೆ ಅದು ಬೇಕಾಗೇ ಇಲ್ಲ. ಹೇಗೆ ಅಂತ ಮುಂದೆ ಹೇಳ್ತೀನಿ. ರೆಸಿಪಿ ಭಾಗ 5ರಲ್ಲಿದೆ. ಸಸ್ಯಾಹಾರಿ ಗೆಳೆಯರು ಅದೊಂದನ್ನ ಬಿಟ್ಟು ಉಳಿದದ್ದು ಓದಿ.

ಭಾಗ 2/6: ರುಚಿ ಎಲ್ಲಿಂದ ಬರುತ್ತೆ

ಆ ವೆನಿಸನ್ ರೆಸಿಪಿಗಳನ್ನ ಪೂರ್ತಿ ನೋಡಿ. ಪ್ರತಿಯೊಬ್ರೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡ್ತಾರೆ: ಜಿಂಕೆ ಮಾಂಸಕ್ಕೆ ಹಂದಿ ಕೊಬ್ಬು ಸೇರಿಸ್ತಾರೆ. ಯಾಕಂದ್ರೆ ಜಿಂಕೆ ಮಾಂಸದಲ್ಲಿ ಕೊಬ್ಬು ತುಂಬಾ ಕಡಿಮೆ. ಅದೊಂದನ್ನೇ ಕೊಚ್ಚಿ ಹುರಿದ್ರೆ ಒಣಗಿ ಪುಡಿಪುಡಿ ಆಗುತ್ತೆ. ಸಾಸೇಜ್ ರಸ ಬಿಡಬೇಕು ಅಂದ್ರೆ ಸುಮಾರು ಕಾಲು ಭಾಗದಷ್ಟು ಕೊಬ್ಬು ಬೇಕು.

ಇನ್ನು "ಇಟಾಲಿಯನ್" ಅನ್ನೋ ಪರಿಮಳ ಯಾವುದರದ್ದು? ಸೋಂಪು, ಬೆಳ್ಳುಳ್ಳಿ, ಕಾಳುಮೆಣಸು, ಸ್ವಲ್ಪ ಒಣಮೆಣಸು. ಇಟಲಿಯಲ್ಲೇ ಊರಿಗೊಂದು ಥರ ಮಾಡ್ತಾರೆ, ಎಲ್ಲದಕ್ಕೂ ಸೋಂಪು ಹಾಕಲ್ಲ. ಆದ್ರೆ ಅಮೆರಿಕದ ರೀಲ್‌ಗಳಲ್ಲಿ ಇಟಾಲಿಯನ್ ಸಾಸೇಜ್ ಅಂದ್ರೆ ಸೋಂಪಿನದ್ದೇ.

ಇನ್ನೊಂದು ಖುಷಿಯ ವಿಷಯ. ದಕ್ಷಿಣ ಇಟಲಿಯ ಲುಕಾನಿಯಾ ಅನ್ನೋ ಸೀಮೆಯ ಹೆಸರಲ್ಲಿ ರೋಮನ್ನರು ಒಂದು ಸಾಸೇಜ್ ಮಾಡ್ತಿದ್ರು. ಅಪಿಕಿಯಸ್ ಹೆಸರಿನಲ್ಲಿ ಉಳಿದಿರೋ ಹಳೇ ಅಡುಗೆ ಪುಸ್ತಕದಲ್ಲಿ ಅದರ ವಿಧಾನ ಇದೆ, ಅದರಲ್ಲಿ ಕಾಳುಮೆಣಸೂ ಇದೆ. ರೋಮ್‌ಗೆ ಕಾಳುಮೆಣಸು ಹೋಗ್ತಿದ್ದಿದ್ದು ಪಶ್ಚಿಮಘಟ್ಟದ ಈ ಕರಾವಳಿಯಿಂದ. ಅಂದ್ರೆ ಅವರ ಸಾಸೇಜ್‌ಗೆ ನಮ್ಮ ಘಟ್ಟದ ಪಾಲು ಆಗಲೇ ಸೇರಿತ್ತು. ನಮ್ಮ ಅಡಿಕೆ ಮರಕ್ಕೆ ಹಬ್ಬಿರೋ ಮೆಣಸಿನ ಬಳ್ಳಿ ಸಾಕು, ಕಡವೆ ಬೇಕಿಲ್ಲ.

ಭಾಗ 3/6: ಅವರು ಮಾಡ್ತಾರೆ, ನಾವ್ಯಾಕೆ ಮಾಡಬಾರ್ದು?

ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಲೈಸೆನ್ಸ್ ಇದೆ, ಸೀಸನ್ ಇದೆ, ಒಬ್ರಿಗೆ ಇಷ್ಟೇ ಅಂತ ಲೆಕ್ಕ ಇದೆ. ಹಾಗೆ ಹೊಡೆದ ಕಾಡುಜಿಂಕೆಯ ಮಾಂಸವನ್ನ ಅಲ್ಲೂ ಅಂಗಡಿಯಲ್ಲಿಟ್ಟು ಮಾರೋ ಹಾಗಿಲ್ಲ. ನ್ಯೂಜಿಲೆಂಡ್‌ನಲ್ಲಿ ಮೊದಲು ಜಿಂಕೆಗಳೇ ಇರಲಿಲ್ಲ. ಯುರೋಪಿನವರು 19ನೇ ಶತಮಾನದಲ್ಲಿ ತಂದು ಬಿಟ್ರು, ಅವು ಹೆಚ್ಚಾಗಿ ಕಾಡಿಗೇ ಕಾಟ ಆಯ್ತು. ಈಗ ಅಲ್ಲಿ ಫಾರ್ಮ್‌ಗಳಲ್ಲಿ ಸಾಕಿ ಮಾಂಸ ಮಾರ್ತಾರೆ.

ನಮ್ಮ ದೇಶದ್ದು ಬೇರೆ ಕಥೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದು 1972ರಲ್ಲಿ. ನಮ್ಮಲ್ಲಿ ಎಷ್ಟೋ ಜನರ ಅಪ್ಪ ಹುಟ್ಟೋಕೂ ಮುಂಚೆ. ಮೊದಮೊದಲು ಲೈಸೆನ್ಸ್ ತಗೊಂಡು ಕೆಲವು ಪ್ರಾಣಿ ಹೊಡೆಯೋಕೆ ದಾರಿ ಇತ್ತು, 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಹೊಡೆಯೋದಷ್ಟೇ ಅಲ್ಲ, ಆ ಮಾಂಸ ಮನೆಯಲ್ಲಿ ಇಟ್ಕೊಳ್ಳೋದು, ಕೊಳ್ಳೋದು, ಯಾರಿಗಾದ್ರೂ ಕೊಡೋದು ಎಲ್ಲವೂ ತಪ್ಪೇ. "ನಾನು ಹೊಡೆದಿಲ್ಲ, ಬರೀ ತಿಂದೆ" ಅಂದ್ರೆ ನಡೆಯಲ್ಲ.

2022ರ ತಿದ್ದುಪಡಿ ಆದ ಮೇಲೆ, ಮೊದಲ ಅನುಸೂಚಿಯ ಪ್ರಾಣಿ ಆದ್ರೆ ಅಥವಾ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಬೇಟೆ ಆಡಿದ್ರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ದಂಡ ಕನಿಷ್ಠ 25 ಸಾವಿರ. ನಮ್ಮ ಭೂಪಟ ನೆನಪು ಮಾಡ್ಕೊಳ್ಳಿ. ಎನ್.ಆರ್.ಪುರದ ಹಿನ್ನೀರಿನ ಆಚೆ ಭದ್ರಾ ಅಭಯಾರಣ್ಯ, 1998ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಶೃಂಗೇರಿಯಿಂದ ಕೆರೆಕಟ್ಟೆ ಕಡೆ ಹೋದ್ರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ನಾವು ಅದರ ಮಗ್ಗುಲಲ್ಲೇ ಇರೋರು.

ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಫ್ರೀಯಾಗಿ ಬಂದ ಎರಡು ಕೆಜಿ ಮಾಂಸದ ಕಾಸ್ಟ್ ಶೀಟ್‌ನಲ್ಲಿ ಮೆಟೀರಿಯಲ್ ಸೊನ್ನೆ, ಲೇಬರ್ ಸೊನ್ನೆ ಅಂತ ಬರ್ಕೊಂಡು ಖುಷಿ ಪಡ್ತೀವಿ. ಕೆಳಗಡೆ ನೋಟ್‌ನಲ್ಲಿ ಇರೋ ಕಂಟಿಂಜೆಂಟ್ ಲಯಬಿಲಿಟಿ ಯಾರೂ ಓದಲ್ಲ. ಒಂದು ಕೇಸ್ ಬಿದ್ರೆ ಪೊಲೀಸ್ ವೆರಿಫಿಕೇಶನ್ ಕೇಳೋ ಕೆಲಸಕ್ಕೆಲ್ಲ ಅದು ಅಡ್ಡ ಬರುತ್ತೆ. ಬ್ಯಾಂಕ್ ಪರೀಕ್ಷೆಗೆ ಓದ್ತಿರೋರು ಇದನ್ನ ಎರಡು ಸಲ ಓದಿ.

ಭಾಗ 4/6: ಯಾರ ತಲೆ ಮೇಲೆ ಬೀಳುತ್ತೆ

ಜೈಲಿನ ಹೆದರಿಕೆ ಮಾತ್ರ ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. "ಸಿಕ್ಕಿಹಾಕಿಕೊಳ್ಳದೆ ಇದ್ರೆ ಆಯ್ತಲ್ಲ" ಅಂತ ನೀವು ಹೇಳ್ತೀರ.

ಈಗ ಕೋವಿಗಿಂತ ಸುಲಭ ಉರುಳು. ಒಂದು ತಂತಿ ಸಾಕು, ಸದ್ದೂ ಇಲ್ಲ. ಆ ಉರುಳಿಗೆ ಇದು ಕಡವೆ, ಇದು ಚಿರತೆ, ಇದು ನಮ್ಮನೆ ನಾಯಿ ಅಂತ ಗೊತ್ತಾಗಲ್ಲ. ತೋಟದ ಬೇಲಿಯ ಉರುಳಿಗೆ ಬಿದ್ದು ಚಿರತೆ ಸತ್ತ ಸುದ್ದಿ ಮಲೆನಾಡಲ್ಲಿ ಮತ್ತೆ ಮತ್ತೆ ಬರುತ್ತೆ. ಕಾಡುಹಂದಿಗೆ ಅಂತ ಇಟ್ಟ ಸಿಡಿಮದ್ದು ಕಚ್ಚಿ ದನದ ಬಾಯಿ ಛಿದ್ರ ಆಗಿದ್ದನ್ನೂ ಪೇಪರ್‌ನಲ್ಲಿ ಓದಿರ್ತೀರ.

ಕಡವೆ, ಜಿಂಕೆ ಕಾಡಲ್ಲಿ ಕಡಿಮೆ ಆದ್ರೆ ಹುಲಿ, ಚಿರತೆ ಏನು ತಿನ್ನಬೇಕು? ಕೊಟ್ಟಿಗೆ ಕಡೆ ಬರುತ್ತೆ. ಆಗ ನಾವೇ ಸ್ಟೇಟಸ್ ಹಾಕ್ತೀವಿ, "ಅರಣ್ಯ ಇಲಾಖೆ ಏನ್ ಮಾಡ್ತಿದೆ" ಅಂತ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಈ ರೋಗ ನಮ್ಮ ತಾಲ್ಲೂಕುಗಳಿಗೆ ಹೊಸದಲ್ಲ, ಇಲ್ಲಿ ಜೀವಗಳು ಹೋಗಿವೆ. ಅದು ಹರಡೋದು ಉಣುಗಿನಿಂದ. ಬೇಸಿಗೆಯ ಒಣ ತಿಂಗಳಲ್ಲಿ ರಾತ್ರಿಯಿಡೀ ಕಾಡಲ್ಲಿ ಅಡ್ಡಾಡಿ, ಪ್ರಾಣಿ ಹೊತ್ತು ತಂದು, ಚರ್ಮ ಸುಲಿಯೋನ ಮೈಗೆ ಎಷ್ಟು ಉಣುಗು ಹತ್ತಬಹುದು ಅಂತ ಯೋಚಿಸಿ.

ಸಿಕ್ಕಿಬೀಳೋದು ಯಾರು ಅಂತಲೂ ಯೋಚಿಸಿ. ಜೀಪು ಕೊಟ್ಟ ಧಣಿ, ಪಾಲು ತಿಂದ ನೆಂಟರು ಬಚಾವಾಗಬಹುದು. ಚೀಲ ಹೊತ್ತ ಕೂಲಿ ಹುಡುಗನ ಹೆಸರು ಮಾತ್ರ ಎಫ್‌ಐಆರ್‌ನಲ್ಲಿ ಇರುತ್ತೆ. ಅವನೂ ನಮ್ಮ ವಯಸ್ಸಿನೋನೇ. ನೀವು "ತರಿಸೋಣ" ಅಂದಿದ್ದು ಅವನ ಕೈಲಿ ತರಿಸೋದು.

"ನಮ್ಮ ಅಜ್ಜ ಶಿಕಾರಿ ಮಾಡ್ತಿದ್ರು" ಅಂತ ಬರೋ ಕಮೆಂಟ್‌ಗೆ ಈಗಲೇ ಉತ್ತರ ಕೊಡ್ತೀನಿ. ಹೌದು, ಮಾಡ್ತಿದ್ರು. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ "ಕಾನೂರು ಹೆಗ್ಗಡಿತಿ"ಯಲ್ಲೂ ಬೇಟೆ ಇದೆ. ಅದು ಪ್ರಕಟ ಆಗಿದ್ದು 1936ರಲ್ಲಿ. ಆ ಕಾಲದ ಕಾಡು ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಅಂತ ಅಜ್ಜನನ್ನೇ ಕೇಳಿ. ಗದ್ದೆಗೆ ಕಾಡುಹಂದಿ ನುಗ್ಗಿ ಬೆಳೆ ಹೋಗೋದು ನಿಜವಾದ ಕಷ್ಟ, ರೈತರಿಗೆ ಪರಿಹಾರ ಬೇಗ ಸಿಗಬೇಕು ಅಂತ ನಾನೂ ಹೇಳ್ತೀನಿ. ಆದ್ರೆ ವೀಕೆಂಡ್ ಪಾರ್ಟಿಗೆ ಕಡವೆ ತರಿಸೋದಕ್ಕೂ ಆ ಕಷ್ಟಕ್ಕೂ ಸಂಬಂಧ ಇಲ್ಲ ಮಾರಾಯ್ರೆ.

ಭಾಗ 5/6: ಮಾಡೋದು ಹೇಗೆ (ಸೇವ್ ಮಾಡ್ಕೊಳ್ಳಿ)

ಅಂಗಡಿಯ ಹಂದಿ ಮಾಂಸ 1 ಕೆಜಿ. ಮುಂಗಾಲಿನ ಮೇಲಿನ ಭುಜದ ಭಾಗ ಕೇಳಿ. ಮುಕ್ಕಾಲು ಕೆಜಿ ಮಾಂಸ, ಕಾಲು ಕೆಜಿ ಕೊಬ್ಬು ಇರಲಿ, ಅಂಗಡಿಯವರ ಹತ್ರಾನೇ ಕೀಮಾ ಮಾಡಿಸ್ಕೊಳ್ಳಿ.

ಉಪ್ಪು 18 ಗ್ರಾಂ, ತೂಕ ಮಾಡಿಯೇ ಹಾಕಿ. ಸೋಂಪು 2 ಟೀ ಚಮಚ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತರಿತರಿಯಾಗಿ ಕುಟ್ಟಿ. ಕಾಳುಮೆಣಸು 2 ಟೀ ಚಮಚ, ಅದೂ ಕುಟ್ಟಿದ್ದು. ಬೆಳ್ಳುಳ್ಳಿ 8 ಎಸಳು ಜಜ್ಜಿ. ಒಣಮೆಣಸು 3, ಕೈಯಲ್ಲೇ ಪುಡಿ ಮಾಡಿ. ವಿನೆಗರ್ 1 ದೊಡ್ಡ ಚಮಚ, ತಣ್ಣೀರು 3 ದೊಡ್ಡ ಚಮಚ.

ಕೀಮಾ ಫ್ರಿಜ್ಜಿನಿಂದ ತೆಗೆದ ಹಾಗೇ ತಣ್ಣಗಿರಬೇಕು. ಬೆಚ್ಚಗಾದ್ರೆ ಕೊಬ್ಬು ಕರಗಿ ಎಲ್ಲ ಬಿಟ್ಟುಕೊಳ್ಳುತ್ತೆ. ಎಲ್ಲ ಹಾಕಿ ಕೈಯಲ್ಲಿ ಮೂರ್ನಾಲ್ಕು ನಿಮಿಷ ನಾದಿ, ಅಂಗೈಗೆ ಅಂಟೋ ಹಾಗೆ ಆಗಬೇಕು. ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಚಿಕ್ಕ ತುಂಡು ಹುರಿದು ಉಪ್ಪು ನೋಡಿ.

ಕರುಳಿನ ಕವಚ ಸಿಗದಿದ್ರೆ ಚಿಂತೆ ಬೇಡ, ವಡೆ ಥರ ತಟ್ಟಿ. ಇಟಾಲಿಯನ್ ಸಾಸೇಜ್ ಹೊರದೇಶದಲ್ಲೂ ಕವಚ ಇಲ್ಲದೆ ಮಾರೋದು ಇದೆ. ಸಣ್ಣ ಉರಿಯಲ್ಲಿ ನಿಧಾನ ಬೇಯಿಸಿ, ಒಳಗಿನ ಬಿಸಿ 71 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಟ್ಟು ನೋಡಿದ್ರೆ ಒಳ್ಳೇದು. ಇಲ್ಲದಿದ್ರೆ ತೆಳ್ಳಗೆ ತಟ್ಟಿ, ಮುರಿದು ನೋಡಿದಾಗ ಹಸಿ ಕೆಂಪು ಕಾಣಬಾರ್ದು. ಪಾಸ್ಟಾನೇ ಬೇಕು ಅಂತಿಲ್ಲ, ಅಕ್ಕಿರೊಟ್ಟಿ ಜೊತೆ ತಿನ್ನಿ. ಹಂದಿ ತಿನ್ನದೋರು ಚರ್ಮದ ಸಮೇತ ಕೋಳಿ ತೊಡೆಯ ಕೀಮಾ ತಗೊಳ್ಳಿ, ಆಗ 75 ಡಿಗ್ರಿ.

ಒಂದು ಎಚ್ಚರಿಕೆ. ಅಟ್ಟದ ಮೇಲೆ ಹೊಗೆಗೆ ಮಾಂಸ ಒಣಗಿಸೋದು ನಮ್ಮ ಕಡೆ ಗೊತ್ತಿರೋದೇ. ಅದು ತೆಳ್ಳಗೆ ಸೀಳಿದ ಮಾಂಸ, ಬೇಗ ಒಣಗುತ್ತೆ. ಕವಚದಲ್ಲಿ ತುಂಬಿದ ಹಸಿ ಸಾಸೇಜ್‌ನ್ನ ಹಾಗೆ ನೇತು ಹಾಕಬೇಡಿ. ಒಳಗೆ ಗಾಳಿ ಇಲ್ಲ, ತೇವ ಇದೆ. ಬಾಟ್ಯುಲಿಸಂ ಅನ್ನೋ ಕಾಯಿಲೆ ತರೋ ವಿಷ ಹುಟ್ಟೋದು ಇಂಥ ಕಡೆಯೇ. ಆ ಹೆಸರು ಬಂದಿದ್ದೇ ಸಾಸೇಜ್‌ಗೆ ಇರೋ ಲ್ಯಾಟಿನ್ ಪದದಿಂದ. ಎರಡು ದಿನದೊಳಗೆ ಬೇಯಿಸಿ ತಿನ್ನಿ, ಇಲ್ಲಾಂದ್ರೆ ಫ್ರೀಜರ್‌ಗೆ ಹಾಕಿ.

ಭಾಗ 6/6: ನಿಮ್ಮಿಂದ ಬೇಕಾಗಿರೋದು

ಬೇಟೆ ಆಡೋರನ್ನೆಲ್ಲ ನಾನೂ ನೀವೂ ತಡೆಯೋಕೆ ಆಗಲ್ಲ. ಆದ್ರೆ ತಿನ್ನೋರು ಇರೋದ್ರಿಂದಲೇ ಹೊಡೆಯೋರು ಇರೋದು. ಡಿಮ್ಯಾಂಡ್ ಇಲ್ಲದೆ ಸಪ್ಲೈ ಬರಲ್ಲ, ಮೊದಲ ಸೆಮಿಸ್ಟರ್ ಪಾಠ.

ನಮ್ಮ ವಯಸ್ಸಲ್ಲಿ ಕಾಡಿನ ಮಾಂಸ ಅಂದ್ರೆ ಹಸಿವಿಗಲ್ಲ, ಗತ್ತಿಗೆ. "ನಾವು ಮಲೆನಾಡೋರು, ನಮ್ಗೆ ಸಿಗುತ್ತೆ" ಅಂತ ಬೆಂಗಳೂರಿನ ಗೆಳೆಯರಿಗೆ ತೋರಿಸ್ಕೊಳ್ಳೋಕೆ. ಆ ಗತ್ತು ನಾವೇ ಕೊಟ್ಟಿದ್ದು, ನಾವೇ ವಾಪಸ್ ತಗೊಳ್ಳಬಹುದು.

ಮುಂದಿನ ಸಲ ಗ್ರೂಪ್‌ನಲ್ಲಿ ಯಾರಾದ್ರೂ "ತರಿಸೋಣ" ಅಂದಾಗ ಇಮೋಜಿ ಹಾಕಿ ಸುಮ್ಮನಾಗಬೇಡಿ. "ನಂಗೆ ಬೇಡ" ಅಂತ ಬರೀರಿ. ಎರಡೇ ಪದ. ಒಬ್ರು ಬರೆದ್ರೆ ಇನ್ನಿಬ್ರಿಗೆ ಧೈರ್ಯ ಬರುತ್ತೆ. ನೆಂಟರ ಮನೆಯಲ್ಲಿ ಬಡಿಸಿದ್ರೆ ದೊಡ್ಡೋರ ಹತ್ರ ಜಗಳ ಬೇಡ, "ಬೇಡ ದೊಡ್ಡಪ್ಪ, ನಾನು ಅದು ತಿನ್ನಲ್ಲ" ಅಂದ್ರೆ ಸಾಕು. ತೋಟದ ಅಂಚಲ್ಲಿ ಉರುಳು ಕಂಡ್ರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ನಿಮಗೆ ಒಪ್ಪಿಗೆ ಇಲ್ಲಾಂದ್ರೆ ಕಮೆಂಟ್‌ನಲ್ಲಿ ಬರೀರಿ, ಬೈಗುಳ ಬಿಟ್ಟು ಎಲ್ಲದಕ್ಕೂ ಉತ್ತರ ಕೊಡ್ತೀನಿ. ಭಾನುವಾರ ಸಾಸೇಜ್ ಮಾಡಿದ್ರೆ ಟ್ಯಾಗ್ ಮಾಡಿ. ಸೋಂಪು ಜಾಸ್ತಿ ಆಯ್ತಾ, ಕಡಿಮೆ ಆಯ್ತಾ ಹೇಳಿ.

#ಕೊಪ್ಪ #ಶೃಂಗೇರಿ #ಎನ್ಆರ್‌ಪುರ #ಮಲೆನಾಡು #ನಂಗೆಬೇಡ