'ಬಿಟ್ಟು' ಅಂದ್ರೆ ಕೂಡಿಸೋದಾ, ಕಳೆಯೋದಾ?

ಶನಿವಾರ ತಂಗಿಯ ನಿಶ್ಚಿತಾರ್ಥ. ಅದೇ ದಿನ ಆಫೀಸಿನಲ್ಲಿ ರಿಲೀಸ್. ಮುನ್ನೆಚ್ಚರಿಕೆ ಅಂತ ಗುರುವಾರವೇ ಕ್ಲೈಂಟ್‌ಗೆ ಮೇಲ್ ಹಾಕಿದ್ದೆ: 'ಬಿಸೈಡ್ಸ್ ಮಿ, ಎವ್ರಿಒನ್ ವಿಲ್ ಬಿ ಅವೈಲಬಲ್ ಆನ್ ಸ್ಯಾಟರ್ಡೇ.' ನನ್ನನ್ನು ಬಿಟ್ಟು ಎಲ್ಲರೂ ಇರ್ತಾರೆ ಅಂತ ತಿಳಿಸಿದ ಸಮಾಧಾನ ನನಗೆ.

ತಾಂಬೂಲ ಬದಲಾಯಿಸೋ ಹೊತ್ತಿಗೆ ಸರಿಯಾಗಿ ಫೋನ್. 'ನೀವೂ ಇರ್ತೀರಿ ಅಂತ ಬರೆದಿದ್ರಲ್ಲ?' ಮೇಲ್ ತೆಗೆದು ನೋಡಿದೆ. ಅವರು ಓದಿಕೊಂಡಿದ್ದೇ ಸರಿ! ಅಡುಗೆಮನೆ ಪಕ್ಕ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತೆ. ತಂಗಿಗೆ ಉಂಗುರ ತೊಡಿಸಿದ್ದನ್ನು ಆಮೇಲೆ ವಿಡಿಯೋದಲ್ಲಿ ನೋಡಿದೆ.

ಎಡವಿದ್ದು ನಮ್ಮ 'ಬಿಟ್ಟು' ಅನ್ನೋ ಪದದಲ್ಲಿ. 'ನನ್ನನ್ನು ಬಿಟ್ಟು ಎಲ್ಲರೂ ಬಂದ್ರು' ಅಂದ್ರೆ ನಾನು ಬಂದಿಲ್ಲ. 'ನನ್ನನ್ನು ಬಿಟ್ಟು ಇನ್ನೂ ಮೂರು ಜನ ಬಂದ್ರು' ಅಂದ್ರೆ ನಾನೂ ಬಂದಿದ್ದೆ, ಒಟ್ಟು ನಾಲ್ಕು ಜನ. ಪದ ಒಂದೇ, ಲೆಕ್ಕ ಉಲ್ಟಾ. ಪಕ್ಕದಲ್ಲಿ 'ಎಲ್ಲರೂ' ಇದೆಯೋ 'ಇನ್ನೂ' ಇದೆಯೋ ನೋಡಿ ನಾವು ಅರ್ಥ ಮಾಡ್ಕೊಳ್ತೀವಿ. ಇಂಗ್ಲಿಷಿನಲ್ಲಿ ಈ ಎರಡು ಕೆಲಸಕ್ಕೆ ಬೇರೆ ಬೇರೆ ಪದ. 'ಎಕ್ಸೆಪ್ಟ್' ಕಳೆಯುತ್ತೆ, 'ಬಿಸೈಡ್ಸ್' ಕೂಡಿಸುತ್ತೆ. 'ಅಪಾರ್ಟ್ ಫ್ರಮ್' ಮಾತ್ರ ನಮ್ಮ 'ಬಿಟ್ಟು' ಥರಾನೇ, ಎರಡೂ ಕಡೆ ಓಡಾಡುತ್ತೆ. ಅದಕ್ಕೇ ರಜೆ, ದುಡ್ಡಿನ ವಿಷಯದ ಮೇಲ್‌ಗಳಲ್ಲಿ ನಾನು ಅದರ ತಂಟೆಗೇ ಹೋಗಲ್ಲ.

ಒಂದು ತಿರುವು ಇದೆ. ವಾಕ್ಯದಲ್ಲಿ 'ಯಾರೂ ಇಲ್ಲ', 'ಏನೂ ಇಲ್ಲ' ಅನ್ನೋ ಅರ್ಥ ಬಂದಾಗ ಈ ವ್ಯತ್ಯಾಸ ಮಾಯ. 'ನೋಬಡಿ ಬಿಸೈಡ್ಸ್ ಮಿ ನೋಸ್ ದ ಪಾಸ್‌ವರ್ಡ್' ಅಂದ್ರೂ 'ನೋಬಡಿ ಎಕ್ಸೆಪ್ಟ್ ಮಿ' ಅಂದ್ರೂ ಒಂದೇ: ನನಗೊಬ್ಬನಿಗೇ ಗೊತ್ತು.

ಇನ್ನು ಎಕ್ಸೆಪ್ಟ್ ಜೊತೆ 'ಫಾರ್' ಬೇಕಾ? 'ಎವ್ರಿಒನ್ ಎಕ್ಸೆಪ್ಟ್ ಮಿ' ಅನ್ನೋ ಕಡೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆದರೆ ವಾಕ್ಯ ಅದರಿಂದಲೇ ಶುರುವಾದ್ರೆ ಬೇಕು: 'ಎಕ್ಸೆಪ್ಟ್ ಫಾರ್ ಮಿ, ಎವ್ರಿಒನ್...' ನಾನು ಬರೆಯಬೇಕಾಗಿದ್ದೂ ಇದನ್ನೇ. 'ದ ರಿಪೋರ್ಟ್ ಈಸ್ ರೆಡಿ ಎಕ್ಸೆಪ್ಟ್ ಫಾರ್ ಒನ್ ಗ್ರಾಫ್' ಅನ್ನುವಾಗಲೂ ಬೇಕು. 'ಎಕ್ಸೆಪ್ಟ್ ಆನ್ ಸಂಡೇಸ್', 'ಎಕ್ಸೆಪ್ಟ್ ವೆನ್ ಇಟ್ ರೇನ್ಸ್' ಇಂಥ ಕಡೆ ಬೇಡವೇ ಬೇಡ.

ಅಂದಹಾಗೆ, ಒಪ್ಪಿಕೊಳ್ಳೋ 'ಆಕ್ಸೆಪ್ಟ್' ಬೇರೆ. ಅದರ ಸ್ಪೆಲಿಂಗ್ ಶುರುವಾಗೋದು 'ಎ'ಯಿಂದ, ಇದರದ್ದು 'ಇ'ಯಿಂದ. ಎರಡೂ ನಿಜವಾದ ಪದಗಳೇ ಆದ್ದರಿಂದ ಅದಲುಬದಲಾದ್ರೆ ಸ್ಪೆಲ್‌ಚೆಕ್ ಎಷ್ಟೋ ಸಲ ಸುಮ್ಮನಿದ್ದುಬಿಡುತ್ತೆ.

ಮುಂದಿನ ತಿಂಗಳು ತಂಗಿಯ ಮದುವೆ. ಈ ಸಲ ಎಕ್ಸೆಪ್ಟೂ ಇಲ್ಲ, ಬಿಸೈಡ್ಸೂ ಇಲ್ಲ. 'ಐ ವಿಲ್ ನಾಟ್ ಬಿ ಅವೈಲಬಲ್' ಅಂತ ಒಂದು ವಾಕ್ಯ, 'ದಿ ಅದರ್ ಫೋರ್ ವಿಲ್ ಬಿ' ಅಂತ ಇನ್ನೊಂದು. ಆದರೂ ತಂಗಿ, 'ಅಣ್ಣಾ, ಕಳಿಸೋ ಮುಂಚೆ ನನಗೊಂದ್ಸಲ ತೋರಿಸು' ಅಂದಿದ್ದಾಳೆ.