ಏಳು ವರ್ಷದ ಹಸಿರು

ಭಾನುವಾರ ನಸುಕಿಗೇ ನಾನು ಶೂ ಹಾಕಿಕೊಂಡು ಇಳಿಯುವುದನ್ನು ಕಂಡರೆ ನಮ್ಮ ಕಟ್ಟಡದ ವಾಚ್‌ಮನ್‌ಗೆ ನಗು. ವಾರವಿಡೀ ಲೋಕಲ್‌ನಲ್ಲಿ ನಿಂತುಕೊಂಡೇ ಹೋಗಿ ಬರುವವನಿಗೆ ರಜೆಯ ದಿನವೂ ಲೋಕಲ್ ಬೇಕೇ ಎಂದು. ಮೆಗಾ ಬ್ಲಾಕ್ ಶುರುವಾಗುವ ಮೊದಲೇ ವಿಠ್ಠಲವಾಡಿಯಿಂದ ಠಾಣೆ ಸೇರಿ ಬಸ್ಸು ಹಿಡಿದರೆ, ಸ್ವಲ್ಪ ಹೊತ್ತಿನಲ್ಲೇ ಯೇವೂರಿನ ಗುಡ್ಡ. ಸುಮಾರು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವದ ಅಂಚು ಅದು. ಬೊರಿವಲಿಯವರು ಆ ಕಡೆಯಿಂದ ಕಾಡು ಹೊಕ್ಕರೆ, ನಾವು ಈ ಕಡೆಯಿಂದ.

ಮೊದಲೆಲ್ಲ ನಾನು ಹೋಗುತ್ತಿದ್ದದ್ದು ಬರೀ ನಡೆಯಲು. ಹೊಟ್ಟೆ ಕರಗಬೇಕು ಎಂದು ಡಾಕ್ಟರು ಹೇಳಿದ್ದರು, ಅಷ್ಟೇ. ನೋಡಲು ಕಲಿತದ್ದು ಆಮೇಲೆ. ಕಲಿಸಿದ್ದು ಒಂದು ತಪ್ಪು.

2016ರ ಆಗಸ್ಟಿನಲ್ಲಿ ಯೇವೂರಿನ ಇಳಿಜಾರಿನ ತುಂಬ ನೇರಳೆ ಬಣ್ಣ ಚೆಲ್ಲಿತ್ತು. ಕಾರವಿ ಹೂ. ಈ ಪೊದೆ ಏಳು ವರ್ಷ ಸುಮ್ಮನೆ ಹಸಿರಾಗಿದ್ದು, ಎಂಟನೆಯ ವರ್ಷ ಗುಡ್ಡಕ್ಕೆ ಗುಡ್ಡವೇ ಹೂವಾಗಿ, ಬೀಜ ಕಟ್ಟಿ ಸಾಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯ ಹತ್ತಿರದ ಬಳಗ. ನಾನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದು ಅಮ್ಮನಿಗೆ ತೋರಿಸಿದೆ. ಅವಳ ತವರು ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಬುಡದಲ್ಲಿ. "ಇದು ನಮ್ಮ ಗುರಿಗೆ ಹೂವಿನ ಹಾಗೇ ಉಂಟಲ್ಲೋ! ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗು ಮಗಾ" ಎಂದಳು. ಮುಂದಿನ ವಾರ ಹೋಗೋಣ ಎಂದೆ. ಮುಂದಿನ ವಾರ ಆಫೀಸಿನ ಕೆಲಸ, ಅದರ ಮುಂದಿನ ವಾರ ಗಣಪತಿ, ಆಮೇಲೆ ಮಳೆ. ಹೂ ಉದುರಿತು.

ಮುಂದಿನ ಹೂವು 2024ರಲ್ಲಿ. ಅಷ್ಟರಲ್ಲಿ ಗ್ಲಾಕೋಮಾ ಅಮ್ಮನ ಕಣ್ಣಿನ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ತಿಂದಿತ್ತು. ಆದರೂ ರಿಕ್ಷಾ ಮಾಡಿಕೊಂಡು ಕರೆದೊಯ್ದೆ. ದಾರಿಯ ಬದಿಯ ಒಂದು ಪೊದೆಯ ಹತ್ತಿರ ನಿಲ್ಲಿಸಿ ಅವಳ ಕೈಯನ್ನು ಗೊಂಚಲಿನ ಮೇಲಿಟ್ಟೆ. ಅಮ್ಮ ಹೂವನ್ನು ಕೀಳಲಿಲ್ಲ. ಬೆರಳಿನಿಂದ ಒಳಗೆ ಹೊರಗೆ ಸವರಿದಳು, ಎಲೆ ಮುಟ್ಟಿ "ದೊರಗು" ಎಂದಳು, ಕಾಂಡ ಮುಟ್ಟಿ "ಇದಕ್ಕೆ ಮೈಯೆಲ್ಲ ಗುಳ್ಳೆ" ಎಂದಳು. ಆಮೇಲೆ ತಲೆಯೆತ್ತಿ, "ಜೇನು ಎಷ್ಟು ಉಂಟು, ಕೇಳು" ಎಂದಳು. ಅಷ್ಟು ಸಲ ಬಂದಿದ್ದ ನಾನು ಆ ಗುಂಯ್‌ಗುಡುವಿಕೆಯನ್ನು ಆವತ್ತೇ ಮೊದಲು ಕೇಳಿದ್ದು. ಕಾಂಡದ ಗುಳ್ಳೆಯನ್ನಂತೂ ಕಂಡೇ ಇರಲಿಲ್ಲ.

ಹಿಂತಿರುಗುವಾಗ ಪಾಡದ ಒಂದು ಮನೆಯ ಮುಂದೆ ನೀರು ಕುಡಿಯಲು ನಿಂತೆವು. ಕಾರವಿಯ ಕೋಲುಗಳನ್ನು ಒತ್ತಾಗಿ ಕಟ್ಟಿ, ಮಣ್ಣು ಸೆಗಣಿ ಮೆತ್ತಿದ ಗೋಡೆ. ಈ ಕಡೆಯ ಆದಿವಾಸಿಗಳ ಹಳೆಯ ಮನೆಗಳೆಲ್ಲ ಹಾಗೆಯೇ. ನಾವು ಪ್ರದರ್ಶನಗಳಲ್ಲಿ ಕಾಣುವ ವಾರಲಿ ಚಿತ್ರಗಳು ಮೊದಲು ಮೂಡಿದ್ದು ಇಂಥ ಗೋಡೆಗಳ ಮೇಲೆ. ಅಮ್ಮ ಮಣ್ಣು ಉದುರಿದ ಜಾಗದಲ್ಲಿ ಕೈಯಾಡಿಸಿ, "ಅದೇ ಗುಳ್ಳೆ" ಎಂದು ನಕ್ಕಳು.

ಈಗ ಅವಳಿಗೆ ಮೆಟ್ಟಿಲು ಇಳಿಯುವುದೂ ಕಷ್ಟ. ಆದರೆ ನಾನು ಯೇವೂರಿನಿಂದ ಬಂದು ಶೂ ಬಿಚ್ಚುವುದರೊಳಗೆ ಪ್ರಶ್ನೆ ಸಿದ್ಧ: "ಇವತ್ತು ಎಂಥ ನೋಡಿದೆ?" ಫೋಟೋ ತೋರಿಸಿ ಮುಗಿಸುವ ಹಾಗಿಲ್ಲ. ಬಾಯಲ್ಲೇ ಹೇಳಬೇಕು, ಅದೂ ಕನ್ನಡದಲ್ಲಿ. "ಒಂದು ಹಕ್ಕಿ ಕಂಡಿತು" ಎಂದರೆ ಆಗದು. ಎಷ್ಟು ದೊಡ್ಡದು, ಬಾಲ ಹೇಗೆ, ನೆಲದ ಮೇಲಿತ್ತೋ ಕೊಂಬೆಯ ಮೇಲೋ? ಕೆಂಬೂತವೋ ಕಾಜಾಣವೋ ಎಂದು ತೀರ್ಮಾನಿಸುವವಳು ಅವಳು. ಹಾಗಾಗಿ ಕಾಡಿನಲ್ಲಿ ನನ್ನ ನಡಿಗೆ ನಿಧಾನವಾಗಿದೆ. ಸಾಗುವಾನಿಯ ಎಲೆಯ ಹಸಿರನ್ನೆಲ್ಲ ಹುಳು ತಿಂದು, ನರಗಳ ಬಲೆಯನ್ನಷ್ಟೇ ಬಿಟ್ಟಿರುವುದನ್ನು ನೋಡುತ್ತೇನೆ. ಚಗಳಿ ಇರುವೆಗಳು ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವುಗಳ ನೂಲಿನಿಂದ ಎಲೆಗೆ ಎಲೆ ಹೊಲಿಯುವುದನ್ನು ನೋಡುತ್ತೇನೆ. ಹೇಳಲು ಮಾತು ಹುಡುಕಿಕೊಳ್ಳುತ್ತ ವಿಠ್ಠಲವಾಡಿಗೆ ಮರಳುತ್ತೇನೆ.

2025ರಲ್ಲಿ ಮುಂಬಯಿಗೆ ಮಳೆ ಮೇ 26ಕ್ಕೇ ಬಂತು. ಆ ವಾರ ಹೋದಾಗ ಕಾರವಿಯೆಲ್ಲ ಒಣಗಿ ಕಂದು ಕಡ್ಡಿಯಾಗಿ ನಿಂತಿತ್ತು. ಸತ್ತ ಪೊದೆಗಳ ನಡುವೆ ಚಟ್, ಚಟ್ ಎಂಬ ಸದ್ದು. ಒಣಗಿದ ಕಾಯಿಗಳು ನೀರು ತಾಗಿದ ಕೂಡಲೇ ಸಿಡಿದು ಬೀಜ ಎರಚುತ್ತವೆ. ಅಮ್ಮನಿಗೆ ಅದನ್ನು ಮಾತಿನಲ್ಲಿ ಹೇಳಬೇಕಾಗಿ ಬರಲಿಲ್ಲ. ಫೋನಿನಲ್ಲಿ ಹಿಡಿದು ತಂದು ಕೇಳಿಸಿದೆ. "ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ" ಎಂದಳು.

ಆ ಮಳೆಗಾಲದಲ್ಲೇ ಸಸಿಗಳು ಎದ್ದವು. ಹೂ ನೋಡಲು ಬಂದಿದ್ದ ಜನರಲ್ಲಿ ಒಬ್ಬರೂ ಈಗಿಲ್ಲ. ಇನ್ನು ಹೂವು 2032ಕ್ಕೆ. ಆ ಲೆಕ್ಕವನ್ನು ನಾನೂ ಅಮ್ಮನೂ ಬಾಯಿಬಿಟ್ಟು ಮಾಡುವುದಿಲ್ಲ. ಅವಳು ಕೇಳುವುದು ಇಷ್ಟೇ: "ಗುರಿಗೆ ಎಷ್ಟೆತ್ತರ ಆಯ್ತು?"

ಮೊದಲು ಉಗುರಿನಷ್ಟು ಎಂದೆ. ಆಮೇಲೆ ಗೇಣು. ಹೋದ ಭಾನುವಾರ ಅವಳ ಕೈ ಹಿಡಿದು, ನನ್ನ ಕಾಲಿನ ಮೇಲೆ ಪಾದದಿಂದ ಅಳೆದು ತೋರಿಸಿದೆ. "ಪರವಾಗಿಲ್ಲ, ಬರ್ತಾ ಉಂಟು" ಎಂದಳು.